ಒಳಕೋಣೆಯ ಕಟ್ಟಿ

ಚಪ್ಪಲಿ, ಮತ್ತೊಂದು ಜೋಡು ಚಪ್ಪಲಿ, ಆಮೇಲೆ ಬೂಟು — ಬೂಟಿನ ಲೇಸು ಬಿಚ್ಚಲು ಯಾರೋ ಹೊಸ್ತಿಲ ಹೊರಗೆ ಒಂಟಿಕಾಲಲ್ಲಿ ನಿಂತು ಗೋಡೆಗೆ ಕೈ ಊರಿದ್ದಾನೆ, ಸುಣ್ಣದ ಹಕ್ಕಳೆ ಉದುರುವ ಸಪ್ಪಳ, ಅವನೇ ಇರಬೇಕು ಹುಡುಗ, ತಂಗಿಯನ್ನು ನೋಡಲು ಬಂದ ಮನಗೂಳಿಯವನು, ಸಂಜೀವಕುಮಾರ, ಹೈಸ್ಕೂಲ್ ಮಾಸ್ತರ, ವಾರದಿಂದ ಈ ಮನೆಯಲ್ಲಿ ಆ ಹೆಸರನ್ನು ಎಲ್ಲರೂ ಬಾಯಲ್ಲಿ ಬೆಲ್ಲ ಇಟ್ಟುಕೊಂಡಂತೆ ಆಡುತ್ತಿದ್ದಾರೆ, ಬರ್ರಿ ಬರ್ರಿ ಒಳಗ ಬರ್ರಿ, ಅಪ್ಪ ಕರೆಯುತ್ತಿದ್ದಾನೆ, ಅಪ್ಪನ ದನಿ ಒಂದು ಗೇಣು ಮೇಲೇರಿದೆ, ಹೊಲದಲ್ಲಿ ಆಳುಗಳನ್ನು ಕೂಗುವ ದನಿಯಲ್ಲ ಇದು, ಸಿಂದಗಿ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತಾಗ ತೆಗೆಯುವ ದನಿ. ಶೈಲಶ್ರೀ ಒಳಕೋಣೆಯಲ್ಲಿ ನಿಂಬೆಕಾಯಿ ಚೀಲಕ್ಕೆ ಬೆನ್ನು ಕೊಟ್ಟು ಕೂತಿದ್ದಾಳೆ, ಉಸಿರು ಕೇಳಬಾರದೆಂದು ಬಾಯಿ ತುಸು ತೆರೆದುಕೊಂಡಿದ್ದಾಳೆ, ನಾಳೆ ಇಂಡಿ ಪೇಟೆಗೆ ಹೋಗಬೇಕಾದ ಚೀಲಗಳು, ಒಂದರಲ್ಲಿ ಯಾವುದೋ ಕಾಯಿ ಒಡೆದು ಹುಳಿ ವಾಸನೆ ಗಂಟಲಿಗೆ ಹತ್ತುತ್ತಿದೆ, ಕೆಮ್ಮು ಬಂದರೆ ಏನು ಮಾಡುವುದು, ಅವ್ವ ಒಂದು ತಂಬಿಗೆ ನೀರು ಇಟ್ಟು ಹೋಗಿದ್ದಾಳೆ, ಎಲ್ಲಾ ಯೋಚನೆ ಮಾಡಿದ್ದಾಳೆ ಅವ್ವ, ಉಚ್ಚಿ ಬಂದ್ರ ಈಗ ಹೋಗಿ ಬಂದಬಿಡು ನನ್ನವ್ವ, ಅವರು ಹೋಗೂತನಕ ಸಪ್ಪಳ ಮಾಡಬ್ಯಾಡ, ತಾಸಿನ್ಯಾಗ ಮುಗೀತೈತಿ. ಕಿಟಕಿ ಮುಚ್ಚುವಾಗ ಕತ್ತಲಾಗ್ತೈತಿ, ಲೈಟ್ ಹಚ್ಚಲೇನು ಅಂತ ಕೇಳಿದಳು. ಹುಟ್ಟಿದಾಗಿನಿಂದ ಕಣ್ಣಿಲ್ಲದ ಮಗಳನ್ನು ಇಪ್ಪತ್ತಾರು ವರ್ಷ ಸಾಕಿದ ಮೇಲೂ ಅವ್ವ ಒಮ್ಮೊಮ್ಮೆ ಹೀಗೆ ಮರೆಯುತ್ತಾಳೆ, ಹಚ್ಚು ಅಂದಿದ್ದಳು ಶೈಲಶ್ರೀ, ಅವ್ವ ಗುಂಡಿ ಒತ್ತಿ ಹೋದಳು, ಆಮೇಲೆ ನೆನಪಾಗಿ ತಿರುಗಿ ಬಂದು ಆರಿಸಿದಳು, ಬಾಗಿಲ ಸಂದಿಯಿಂದ ಬೆಳಕು ಕಂಡೀತೆಂದು. ಬಾಗಿಲಿಗೆ ಚಿಲಕ ಹಾಕಲಿಲ್ಲ. ಹಾಕುವ ಮಾತೇ ಬರಲಿಲ್ಲ, ಅಷ್ಟು ನಂಬಿಕೆ.

ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಪಡಸಾಲೆಗೆ. ಪಡಸಾಲೆಯಲ್ಲಿ ಜಮಖಾನೆ ಸರಿದ ಸಪ್ಪಳ, ಲೋಡಿಗೆ ಆನಿಕೊಂಡು ಯಾರೋ ಭಾರವಾದ ಮನುಷ್ಯ ಹಾ ಅಂದ, ಹುಡುಗನ ಅಪ್ಪ ಇರಬೇಕು, ಈ ಕಡೆ ನಿಂಬಿ ಹೆಂಗ ಹಿಡದೈತ್ರಿ ಈ ಸಲ, ಪಾಡ ಐತ್ರಿ, ಚಲೋ ಹಿಡದೈತ್ರಿ, ಅಪ್ಪ ನಗುತ್ತಾನೆ, ನಗುವಂಥ ಮಾತು ಅದರಲ್ಲಿ ಇರಲಿಲ್ಲ. ಇನ್ನೊಂದು ಕಿವಿಯಲ್ಲಿ ಕಾಸಿಂಸಾಬ, ಇಂಡಿಯಿಂದ, ಏನವಾ ಶೈಲಾ, ಬೀಗರು ಬಂದ್ರೇನು, ನಮಗೂ ಒಂದೊಂದು ಉಂಡಿ ಕಳಸು, ಮೊಬೈಲಿನ್ಯಾಗ ತೂರಿಸಿಬಿಡು. ನಗು ಬಂತು, ನುಂಗಿಕೊಂಡಳು. ಅವನಿಗೂ ಕಣ್ಣಿಲ್ಲ, ಅರವತ್ತು ದಾಟಿದವನು, ತಮ್ಮನ ಸೈಕಲ್ ಅಂಗಡಿಯಲ್ಲಿ ದಿನವಿಡೀ ಕೂತು ಪಂಕ್ಚರ್ ತಿಕ್ಕುವವನು, ಆದರೆ ಕಟ್ಟಿಯ ಮೇಲೆ ಅವನೇ ಹಿರಿಯ. ಕಟ್ಟಿ ಅಂದರೆ ಮೊಬೈಲಿನ ಆ್ಯಪು, ಊರ ಕಟ್ಟೆಯಂತೆ ಎಲ್ಲರೂ ಕೂತು ಮಾತಾಡುವ ಜಾಗ. ಸಿಂದಗಿಯಲ್ಲಿ ಅಂಗವಿಕಲರ ಕಾರ್ಡು ಕೊಡುವ ಕ್ಯಾಂಪಿಗೆ ಹೋದಾಗ ಯಾರೋ ಹುಡುಗಿ ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದಳು, ಇದರಾಗ ನಿಮ್ಮಂಥವರ ಮಾತಾಡ್ತಾರಕ್ಕ, ನಿಮ್ಮಂಥವರು ಅನ್ನುವುದು ಕೇಳಿ ಸಿಟ್ಟು ಬಂದಿತ್ತು, ಒಂದು ತಿಂಗಳು ತೆರೆದೇ ಇರಲಿಲ್ಲ. ತೆರೆದ ದಿನ ಮುದ್ದೇಬಿಹಾಳದಿಂದ ಒಂದು ದನಿ ಹೇಳುತ್ತಿತ್ತು, ನಮ್ಮ ಮನಿ ಮಾಳಗಿ ತೊಲಿ ಒಳಗ ಗೆದ್ದಲ ಹತ್ತೇತಿ, ದಿನಾ ನೋಡತೇನಿ, ಯಾರೂ ಮ್ಯಾಲ ನೋಡೂದಿಲ್ಲ, ನಾ ಒಬ್ಬನ ನೋಡಾಂವ. ಅದು ಪ್ರೇಮಕುಮಾರ. ಲೈಟಿನ ಕಂಬದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋದವನು, ಅಂಗಾತ ಮಲಗಿದವನಿಗೆ ತೊಲೆ ಬಿಟ್ಟರೆ ಬೇರೆ ಏನು ಕಂಡೀತು. ಪಾಪ ಅನ್ನಬೇಕು ಅನಿಸಿತ್ತು ಅವಳಿಗೆ, ಅನ್ನುವಷ್ಟರಲ್ಲಿ ಕಾಸಿಂಸಾಬ ಅಂದ, ನೀ ಪುಣ್ಯವಂತ ಅಪಾ, ಮಾಳಗಿ ಬೀಳೂದು ನಿನಗ ಮೊದಲ ಕಾಣತೈತಿ, ನಮಗ ಬಿದ್ದಮ್ಯಾಲ ಗೊತ್ತಾಗೂದು. ಅಂದಿನಿಂದ ಅವಳು ಕಟ್ಟಿ ಬಿಡಲಿಲ್ಲ. ಸಾಕ್ಷಿ ಆಮೇಲೆ ಬಂದಳು, ಬಸವನ ಬಾಗೇವಾಡಿಯವಳು, ಕಿವಿ ಕೇಳುವುದಿಲ್ಲ ಮಾತೂ ಬರುವುದಿಲ್ಲ, ಬ್ಲೌಸು ಹೊಲಿಯುತ್ತಾಳೆ, ಇವರು ಆಡಿದ್ದು ಅವಳಿಗೆ ಅಕ್ಷರವಾಗಿ ಕಾಣುತ್ತದೆ, ಅವಳು ಒತ್ತಿದ ಅಕ್ಷರ ಇವರಿಗೆ ಮಾತಾಗಿ ಕೇಳುತ್ತದೆ, ಮಷಿನ್ನಿನ ಹೆಂಗಸಿನ ದನಿ, ಸಿಟ್ಟು ಬಂದರೂ ಅದೇ ದನಿ ನಕ್ಕರೂ ಅದೇ ದನಿ, ಆದರೂ ಈಗ ಸಾಕ್ಷಿ ನಕ್ಕದ್ದು ಶೈಲಶ್ರೀಗೆ ಗೊತ್ತಾಗುತ್ತದೆ, ಹೇಗೆ ಅಂತ ಕೇಳಿದರೆ ಹೇಳಲು ಬಾರದು.

ಯಾವ ಓಣಿಯಂವ ಅಂವ, ಅವ್ವ ಒಮ್ಮೆ ಕೇಳಿದ್ದಳು ಪ್ರೇಮಕುಮಾರನ ಹೆಸರು ಕಿವಿಗೆ ಬಿದ್ದಾಗ, ಅವ್ವ ಯಾರನ್ನಾದರೂ ಮೊದಲು ಕೇಳುವುದು ಅದನ್ನೇ, ಗೊತ್ತಿಲ್ಲ ಅಂದಳು, ಗೊತ್ತಿತ್ತು, ಅವನ ಮನೆಯಲ್ಲಿ ಪೌರ್ಣಿಮೆಗೆ ಬುದ್ಧನ ಫೋಟೋದ ಮುಂದೆ ಹಾಡುವುದನ್ನು ಕಟ್ಟಿಯವರೆಲ್ಲ ಕೇಳಿದ್ದಾರೆ. ಸಾಬರ ಮುದುಕನ ಜೋಡಿ ಏನ ಅಷ್ಟು ನಗೂದು ಐತಿ, ಅದೂ ಕೇಳಿದ್ದಳು. ಈ ಮನೆಗೆ ಕಾಲಿಡದವರು, ಇಡಲು ಯಾರೂ ಬಿಡದವರು, ಅವಳ ಎಡಗಿವಿಯಲ್ಲಿ ದಿನಾ ಬಂದು ಕೂರುತ್ತಾರೆ. ಅವ್ವನನ್ನು ಬೈದು ಪ್ರಯೋಜನವಿಲ್ಲ. ಎರಡು ವರ್ಷದ ಹಿಂದೆ ಇಂಡಿಯಿಂದ ಬಂದವರ ಮುಂದೆ ಇದೇ ಪಡಸಾಲೆಯಲ್ಲಿ ಶೈಲಶ್ರೀಯೇ ಚಹದ ತಾಟು ಹಿಡಿದು ಹೋಗಿದ್ದಳು, ತಂಗಿಯನ್ನು ನೋಡಲು ಬಂದವರಿಗೆ ಅಕ್ಕನ ಕೈಯಿಂದ ಚಹ, ಒಂದು ಹನಿ ಚೆಲ್ಲಲಿಲ್ಲ, ಎಲ್ಲರೂ ಭಾಳ ಶಾಣ್ಯಾ ಹುಡುಗಿ ಅಂದರು, ಮರುದಿನ ಫೋನ್ ಬಂತು, ಗಂಡ ಹೆಂಡತಿ ರಕ್ತಸಂಬಂಧದವರಂತ, ದೊಡ್ಡಾಕಿಗೆ ಕಣ್ಣಿಲ್ಲಂತ, ಸಣ್ಣಾಕಿ ಹೊಟ್ಯಾಗ ಹುಟ್ಟೂವು ಹೆಂಗ ಆಗ್ತಾವೋ ಏನೋ. ಸುಳ್ಳಲ್ಲ. ಅವ್ವ ರುಕ್ಮವ್ವ ತನ್ನ ತಾಯಿಯ ತಮ್ಮನನ್ನೇ ಮದುವೆಯಾದವಳು, ಗುರುಲಿಂಗಪ್ಪ ಅವಳಿಗೆ ಮೊದಲು ಮಾವ ಆಮೇಲೆ ಗಂಡ, ಹೊಲ ಹೊರಗೆ ಹೋಗಬಾರದು ಅಂತ ಅಜ್ಜಿ ಹೂಡಿದ ಆಟ, ಸೊಲ್ಲಾಪುರದ ಡಾಕ್ಟರ್ ಅದನ್ನೇ ಹೇಳಿದ್ದ. ಹಾಗಾಗಿ ಈ ಸಲ ಹಿರಿ ಮಗಳು ಇಲ್ಲ. ಮದಿವಿ ಆಗ್ಲಿ, ಆಮ್ಯಾಲ ಗೊತ್ತಾದ್ರ ಗೊತ್ತಾಗ್ಲಿ, ತಾಳಿ ಕಟ್ಟಿದಮ್ಯಾಲ ಯಾರ ಬಿಡ್ತಾರ, ಅಪ್ಪ ಊಟದ ತಾಟಿನ ಮುಂದೆ ಕೂತು ಹೇಳಿದ್ದ, ರೊಟ್ಟಿ ಮುರಿಯುತ್ತ, ಅವಳೂ ಅದೇ ಸಾಲಿನಲ್ಲಿ ಕೂತಿದ್ದಳು, ಅವಳ ತಾಟಿಗೂ ಅವ್ವ ಅದೇ ಹೊತ್ತಿಗೆ ತುಪ್ಪ ಬಿಟ್ಟಳು.

ತಂಗಿ ವಿದ್ಯಾವತಿ ಮಾತ್ರ ಅಂದು ಉಣ್ಣಲಿಲ್ಲ. ಇವತ್ತು ಮುಂಜಾನೆ ಅಕ್ಕನ ತಲೆ ಬಾಚುತ್ತ, ಹೊರಗೆ ಬರದವಳ ತಲೆಯನ್ನು ಯಾಕೆ ಬಾಚಬೇಕಿತ್ತೋ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆಯುತ್ತ, ಕಿವಿಯ ಹತ್ತಿರ ಬಾಯಿ ತಂದು ಅಂದಿದ್ದಳು, ಅಕ್ಕಾ, ಅವರು ಕೇಳಿದ್ರ ನಾ ಹೇಳಾಕಿನ. ಅಪ್ಪ ಏನರ ಅನ್ಲಿ. ನಮ್ಮಕ್ಕ ಅದಾಳ, ಒಳಗ ಅದಾಳ, ಕರೀತೇನಿ ಅಂತೇನಿ. ಒಪ್ಪಿದ್ರ ಒಪ್ಪಲಿ, ಬಿಟ್ರ ಬಿಡಲಿ. ಬ್ಯಾಡ ಹುಚ್ಚಿ, ಅಂದಿದ್ದಳು ಶೈಲಶ್ರೀ, ಆದರೆ ಬೇಡ ಅನ್ನುವಾಗ ಹೊಟ್ಟೆಯೊಳಗೆ ಏನೋ ಬಿಸಿಯಾಗಿದ್ದು ನಿಜ, ಆ ಬಿಸಿಯನ್ನು ಇಟ್ಟುಕೊಳ್ಳಲಾಗದೆ ಕಟ್ಟಿಗೆ ಹೋಗಿ ಹೇಳಿಬಿಟ್ಟಿದ್ದು ನಿಜ, ನಮ್ಮ ವಿದ್ಯಾ ಹೇಳ್ತಾಳಂತ, ಎಲ್ಲರ ಮುಂದ. ಕಾಸಿಂಸಾಬ ಶಾಬಾಶ್ ಅಂದ. ಸಾಕ್ಷಿ ನಾಲ್ಕು ಹೂವಿನ ಚಿತ್ರ ಕಳಿಸಿದಳು, ಗುಲಾಬಿ ಹೂ, ಗುಲಾಬಿ ಹೂ ಅಂತ ಮಷಿನ್ನು ನಾಲ್ಕು ಸಲ ಓದಿತು. ಪ್ರೇಮಕುಮಾರ ಅಂದ, ಹೇಳೂದಿಲ್ಲ. ಯಾಕ ಹೇಳೂದಿಲ್ಲ. ಅಕ್ಕಾ, ನಾ ಬಿದ್ದ ವರ್ಷ ನಮ್ಮಣ್ಣನ ಮದಿವ್ಯಾಗ ನನ್ನ ಮಂಚ ಬಾಜೂ ಮನಿಗೆ ಹೊತ್ತೊಯ್ದಿದ್ರು, ನಮ್ಮಣ್ಣನೂ ಹಿಂದಿನ ದಿನ ಹೇಳಿದ್ದ, ನೀ ನನ್ನ ಬಾಜೂಕ ಇರ್ತಿ ಅಂತ. ಅವಂಗ ಸುಳ್ಳು ಹೇಳಬೇಕಂತ ಇರ್ಲಿಲ್ಲ. ನಿಮ್ಮಣ್ಣನಂಗ ಎಲ್ಲಾರೂ ಇರೂದಿಲ್ಲ, ಅಂದಳು, ಜೋರಾಗಿಯೇ, ನೀ ಮಲಗಿದಲ್ಲೇ ಕಹಿ ಆಗೀದಿ ಪ್ರೇಮಾ. ಅನ್ನಬಾರದಿತ್ತು. ಮಲಗಿದಲ್ಲೇ ಅನ್ನುವುದನ್ನಾದರೂ ಬಿಡಬೇಕಿತ್ತು. ಅವನು ಆತು ನೋಡೂಣು ಅಂದ, ಅದಕ್ಕೇ ಈಗ ಎಲ್ಲರೂ ಕಟ್ಟಿಗೆ ಬಂದು ಕೂತಿದ್ದಾರೆ, ಮಧ್ಯಾಹ್ನದ ಹೊತ್ತು, ಅಂಗಡಿ ಕೆಲಸ ಬಿಟ್ಟು, ಹೊಲಿಗೆ ಬಿಟ್ಟು, ಅವಳು ಮ್ಯೂಟ್ ಮಾಡಿ ಕೂತಿದ್ದಾಳೆ, ಅವರ ಮಾತು ಇವಳಿಗೆ ಬರುತ್ತದೆ, ಇವಳದು ಹೋಗುವುದಿಲ್ಲ.

ಬಂದಳು. ಪಡಸಾಲೆ ಒಮ್ಮೆಲೇ ಸುಮ್ಮನಾಯಿತು ಅಂದರೆ ವಿದ್ಯಾ ಬಂದಳು ಅಂತ, ರೇಷ್ಮೆ ಸೀರೆ ನೆಲಕ್ಕೆ ತಾಗುವ ಸಪ್ಪಳ, ಹೊಸ ಬಳೆಗಳು, ಕೂರು ಯವ್ವಾ, ನಾಚಬ್ಯಾಡ, ಒಂದು ಹೆಂಗಸಿನ ದನಿ, ವೀಳ್ಯದೆಲೆ ಅಗಿಯುವ ಬಾಯಿ, ಹುಡುಗನ ಸೋದರತ್ತಿ ಅಂತೆ, ಮನಗೂಳಿಯವರ ಮನೆಯಲ್ಲಿ ಅವಳ ಮಾತೇ ಮಾತು ಅಂತ ಅಪ್ಪ ಹೇಳಿದ್ದ. ಎಲ್ಲಿತನಕ ಓದೀದಿ. ಬಿಎಸ್ಸಿ ಮುಗಿಸಿ ಬಿಎಡ್ ಮಾಡಾಕತ್ತೇನ್ರಿ. ಅಡಗಿ ಬರತೈತೋ ಇಲ್ಲಾ ಮೊಬೈಲ್ ಒತ್ತೂದಷ್ಟ ಬರತೈತೋ. ನಗು. ಎರಡೂ ಬರತಾವ್ರಿ, ವಿದ್ಯಾ ಅಂದಳು, ಮತ್ತೆ ನಗು, ಈ ಸಲ ದೊಡ್ಡದು, ಹುಡುಗನೂ ನಕ್ಕ, ಮೂಗಿನಿಂದ ನಗುತ್ತಾನೆ, ಕೆಟ್ಟ ನಗುವಲ್ಲ. ಶೈಲಶ್ರೀಗೆ ಹೆಮ್ಮೆ ಅನಿಸಿತು, ನನ್ನ ತಂಗಿ ನೋಡು, ಹೆದರುವುದಿಲ್ಲ, ಹೇಳುತ್ತಾಳೆ, ಇವಳು ಹೇಳಿಯೇ ಹೇಳುತ್ತಾಳೆ. ಏನಾತಕ್ಕ, ಪ್ರೇಮಕುಮಾರ ಎಡಗಿವಿಯಲ್ಲಿ. ತಡಿ, ಬಾಯಿ ಬಿಡದೆ ಅಂದಳು, ಮ್ಯೂಟಿನಲ್ಲಿದ್ದೇನೆ ಅಂತ ಗೊತ್ತಿದ್ದೂ. ಶೇಂಗಾ ಉಂಡಿ ತಗೋರಿ, ಅವ್ವ, ಚುರುಮುರಿ ತಟ್ಟೆಗಳ ಸಪ್ಪಳ, ಮತ್ತ ಗುರುಲಿಂಗಪ್ಪನವರ, ಸೋದರತ್ತಿ ಬಾಯಲ್ಲಿದ್ದ ಎಲೆ ಒಂದು ಕಡೆ ಸರಿಸಿ ಕೇಳಿದಳು, ಮತ್ತ ನಿಮಗ ಮಕ್ಕಳೆಷ್ಟು ಮಂದ್ರಿ.

ಒಬ್ಬಾಕಿನ್ರಿ. ಅಪ್ಪ ಎಷ್ಟು ಬೇಗ ಹೇಳಿದ. ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ಕೂತಿದ್ದನೋ ಏನೋ, ಒಬ್ಬಾಕಿನ್ರಿ, ಇರೂದೆಲ್ಲಾ ಇಕೀದ ಮತ್ತ. ಶೈಲಶ್ರೀಗೆ ಅದೇನೂ ಬಡಿಯಲಿಲ್ಲ, ಅದು ಗೊತ್ತಿದ್ದದ್ದೇ, ಊಟದ ತಾಟಿನ ಮುಂದೆ ಕೇಳಿದ್ದೇ, ಅವಳು ಕಾಯುತ್ತಿದ್ದುದು ಅದರ ನಂತರದ್ದಕ್ಕೆ, ಈಗ, ಈಗ ಹೇಳುತ್ತಾಳೆ, ಅಪ್ಪನ ಮುಖ ನೋಡುತ್ತಿರಬಹುದು, ಗಂಟಲು ಸರಿ ಮಾಡಿಕೊಳ್ಳುತ್ತಿರಬಹುದು, ಬಳೆಯ ಸಪ್ಪಳ ಬಂತು, ಸೆರಗು ಎಳೆದುಕೊಂಡಳೇನೋ, ಈಗ. ಎಲ್ಲೋ ಹೊರಗೆ ಎಮ್ಮೆ ಕೂಗಿತು. ಯಾರೋ ಉಂಡಿ ಕಡಿದರು, ಕರಕ್ ಅಂತ. ಚಲೋ ಆತು ಬಿಡ್ರಿ, ಒಬ್ಬಾಕಿ ಅಂದ್ರ ಕಾಳಜೀಲಿ ಬೆಳಸಿರ್ತೀರಿ, ಹುಡುಗನ ಅಪ್ಪ. ಈಗಲೂ ಆದೀತು ವಿದ್ಯಾ, ತಡವೇನಾಗಿಲ್ಲ, ಮಾತಿನ ನಡುವೆ ತೂರಿಸಿ ಹೇಳು, ಹಂಗಲ್ರಿ, ಅನ್ನು, ಅಷ್ಟು ಅಂದರೆ ಸಾಕು ಉಳಿದದ್ದನ್ನು ನಾನೇ ಬಂದು ಹೇಳುತ್ತೇನೆ, ಹಂಗಲ್ರಿ ಅನ್ನು — ಸೀರಿ ಯಾವ ಅಂಗಡೀದು ಯವ್ವಾ, ಸೋದರತ್ತಿ ಕೇಳಿದಳು, ವಿಜಾಪುರದ್ರಿ, ವಿದ್ಯಾ ಅಂದಳು, ಅದೇ ದನಿಯಲ್ಲಿ, ಎರಡೂ ಬರತಾವ್ರಿ ಅಂದ ದನಿಯಲ್ಲಿ. ಶೈಲಶ್ರೀ ಮುಂದಕ್ಕೆ ಬಾಗಿದಳು. ಯಾಕೆ ಬಾಗಿದಳೋ, ಇನ್ನೂ ಹತ್ತಿರದಿಂದ ಕೇಳಿದರೆ ಬೇರೆ ಕೇಳಿಸುತ್ತದೆ ಅನ್ನುವಂತೆ, ಇಯರ್‌ಫೋನಿನ ವೈರು ಚೀಲ ಹೊಲಿದ ಸುತಳಿಗೆ ಸಿಕ್ಕಿಕೊಂಡಿತ್ತು, ಟಕ್ಕೆಂದು ಬಿಚ್ಚಿತು, ಮೊಬೈಲು ಬಾಯಿ ತೆರೆಯಿತು, ಸಾಕ್ಷಿಯಿಂದ ಸಂದೇಶ, ಹೇಳಿದಳಾ, ಪ್ರಶ್ನಾರ್ಥಕ ಚಿಹ್ನೆ.

ಕಣ್ಣಿದ್ದವರಿಗೆ ಬಂದ ಸಂದೇಶ ಸುಮ್ಮನೆ ಬಂದು ಸುಮ್ಮನೆ ಕೂರುತ್ತದೆ. ಅವಳದು ಊರಿಗೆಲ್ಲ ಡಂಗುರ ಹೊಡೆಯುತ್ತದೆ, ಅದಕ್ಕೇ ಆ ವೈರನ್ನು ಅವಳು ತಾಳಿಗಿಂತ ಹೆಚ್ಚು ಕಾಯುತ್ತಾಳೆ ಅಂತ ಕಾಸಿಂಸಾಬ ಚಾಷ್ಟಿ ಮಾಡುತ್ತಿದ್ದ, ಇಲ್ಲದ ತಾಳಿಗಿಂತ. ಎದೆಗೆ ಒತ್ತಿಕೊಂಡಳು, ಬೆರಳು ಎಲ್ಲೋ ತಾಗಿತು, ಪ್ರೇಮಕುಮಾರ, ಮಾತುಗಾರರು, ಅಂತ ಅದು ಇನ್ನೊಮ್ಮೆ ಕೂಗಿತು. ಒಳಗ ಯಾರದಾರ್ರಿ, ಸೋದರತ್ತಿ. ಯಾರಿಲ್ಲ್ರಿ, ಅಪ್ಪ, ನಿಂಬಿ ಚೀಲ ಅದಾವ್ರಿ. ನಿಂಬಿ ಚೀಲ ಮಾತಾಡ್ತಾವೇನ್ರಿ ನಿಮ್ಮೂರಾಗ. ಆಗ ವಿದ್ಯಾ ಬಾಯಿ ತೆರೆದಳು, ಈಗ, ಶೈಲಶ್ರೀ ಅಂದುಕೊಂಡಳು, ಈಗ ಬೇರೆ ದಾರಿಯೇ ಇಲ್ಲ, ಒಳ್ಳೆಯದೇ ಆಯಿತು — ನಂದ್ರಿ, ನನ್ನ ಮೊಬೈಲ್, ಚಾರ್ಜಿಗೆ ಹಾಕಿದ್ದೆ, ತಡೀರಿ ಬಂದ್ ಮಾಡಿ ಬರತೇನಿ. ಹೆಜ್ಜೆ. ಬಾಗಿಲು ಒಂದು ಮೊಳ ತೆರೆಯಿತು, ಮೈಸೂರು ಸ್ಯಾಂಡಲ್ ಸೋಪು, ಮಲ್ಲಿಗೆ, ಬೆವರು. ಬಳೆಗಳು ಸದ್ದು ಮಾಡಬಾರದೆಂದು ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಹಿಡಿದು ಬಂದಿದ್ದಾಳೆ, ಆಮೇಲೆ ಬಿಟ್ಟಳು, ಕೂತಳು. ಅಕ್ಕ ಅನ್ನಲಿಲ್ಲ. ಕೈ ಬಂದು ಮೊಬೈಲಿನ ಮೇಲೆ ಬಿತ್ತು, ಎಳೆಯಿತು, ಬರಲಿಲ್ಲ, ಶೈಲಶ್ರೀಗೇ ಗೊತ್ತಿರಲಿಲ್ಲ ತಾನು ಇಷ್ಟು ಗಟ್ಟಿ ಹಿಡಿದಿದ್ದೇನೆಂದು. ಆಗ ವಿದ್ಯಾ ಬೆರಳು ಬಿಡಿಸಲು ಶುರು ಮಾಡಿದಳು. ಕಿರುಬೆರಳು ಮೊದಲು, ಉಗುರಿನ ಕೆಳಗೆ ತನ್ನ ಉಗುರು ತೂರಿಸಿ, ಆಮೇಲೆ ಅದರ ಬಾಜೂಕಿನದು. ತೊಟ್ಟಿಲ ಕೂಸಿನ ಮುಷ್ಟಿ ಬಿಡಿಸುವ ಹಾಗೆ, ಅದರಲ್ಲಿ ಸಿಕ್ಕಿಕೊಂಡ ಕೂದಲು ತೆಗೆಯುವ ಹಾಗೆ, ಮೆಲ್ಲಗೆ, ಅವಸರವಿಲ್ಲದೆ. ಕೈ ತಣ್ಣಗಿತ್ತು. ಎದ್ದಳು. ಬಾಗಿಲು ಎಳೆದುಕೊಂಡಳು, ಚಿಲಕ ಹಾಕಲಿಲ್ಲ ಈ ಸಲವೂ.

ನೋಡ್ರಿ, ಮೊಬೈಲ್ ಅಷ್ಟ. ನಗುತ್ತಿದ್ದಾಳೆ ವಿದ್ಯಾ. ಬಂದ್ ಮಾಡು ಮತ್ತ. ಮಾಡತೇನ್ರಿ — ಸಾಕ್ಷಿ, ಕೇಳುಗರು. ಕಾಸಿಂಸಾಬ, ಮಾತುಗಾರರು. ಶೈಲಶ್ರೀ, ಮ್ಯೂಟ್ ಆಗಿದೆ. ಮುಟ್ಟಿದ್ದನ್ನೆಲ್ಲ ಓದುತ್ತದೆ ಅದು, ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ, ಹಾಗಲ್ಲ ವಿದ್ಯಾ, ಒತ್ತಬೇಡ, ಎರಡೂ ಗುಂಡಿ ಕೂಡಿಸಿ ಹಿಡಿ, ಎಷ್ಟು ಸಲ ಹೇಳಿಕೊಡ್ತೇನೆ ಬಾ ಅಂದರೆ ನಿನ್ನ ಡಬ್ಬಿ ನನಗ ಯಾಕ ಅಂತ ಓಡುತ್ತಿದ್ದಳು. ಪರದೆಯನ್ನೂ ಕಪ್ಪು ಮಾಡಿ ಇಟ್ಟಿದ್ದಾಳೆ ಶೈಲಶ್ರೀ, ಬ್ಯಾಟರಿ ಉಳಿಯಲೆಂದು, ಅವ್ವ ಇಣುಕಬಾರದೆಂದು, ಬೆಳಕಿಲ್ಲದ ಕರಿ ಗಾಜಿನ ಮೇಲೆ ಬೆರಳು ತಿಕ್ಕುತ್ತಿರಬೇಕು ಅವಳು, ಎಲ್ಲರ ಮುಂದೆ, ಶೈಲಶ್ರೀ, ಮ್ಯೂಟ್ ಆಗಿದೆ. ಶೈಲಶ್ರೀ, ಮ್ಯೂಟ್ ಆಗಿದೆ. ಹೇಳುತ್ತೇನೆಂದು ಮುಂಜಾನೆ ಮಾತು ಕೊಟ್ಟ ಹೆಸರು ಅವಳ ಬಾಯಿಂದ ಬರಲಿಲ್ಲ, ಬೆರಳಿನಿಂದ ಬರುತ್ತಿದೆ, ತಡೆಯಲು ಹೋದಷ್ಟೂ. ನಿನ್ನ ಮೊಬೈಲ್ ನಿನಗ ಬಂದ್ ಮಾಡಾಕ ಬರೂದಿಲ್ಲೇನ ಯವ್ವಾ, ಸೋದರತ್ತಿ ಅಗಿಯುವುದನ್ನು ನಿಲ್ಲಿಸಿದ್ದಾಳೆ. ಕೊಡ್ರಿ ಇಲ್ಲೆ, ಹುಡುಗ. ಅವನ ಕೈಗೆ ಹೋಯಿತು. ಅವನು ಒತ್ತಲಿಲ್ಲ. ಇದು ಕಣ್ಣಿಲ್ಲದವರು ಬಳಸೂ ಮೊಬೈಲ್ ಐತ್ರಿ, ಅಂದ, ನಮ್ಮ ಸಾಲ್ಯಾಗ ಸಂಗೀತದ ಸರ್ ಹಂತ್ಯಾಕ ಐತಿ, ಹಿಂಗ ಮಾತಾಡತೈತಿ. ಯಾರದಿದು. ವಿದ್ಯಾವತಿಯನ್ನೇ ಕೇಳಿದ, ಅಪ್ಪನನ್ನಲ್ಲ, ಗದರಿಸಿ ಕೇಳಲಿಲ್ಲ, ಹುಡುಗರಿಗೆ ಉತ್ತರ ಗೊತ್ತಿದೆಯೆಂದು ತಿಳಿದೂ ಮಾಸ್ತರರು ಕೇಳುತ್ತಾರಲ್ಲ ಹಾಗೆ. ಶೈಲಶ್ರೀ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ. ಬಾಗಿಲ ಹಲಗೆಯ ಮೇಲೆ ಅಂಗೈ ಇತ್ತು. ನಮ್ಮ ದೊಡ್ಡಪ್ಪನ ಮಗಳದ್ರಿ, ವಿದ್ಯಾ ಅಂದಳು, ನಿನ್ನೆ ಬಂದಿದ್ಲು, ಬಿಟ್ಟು ಹೋಗ್ಯಾಳ.

ದೊಡ್ಡಪ್ಪ ಇಲ್ಲ ಅವರಿಗೆ. ಅಣ್ಣತಮ್ಮಂದಿರಲ್ಲಿ ಅಪ್ಪನೇ ಹಿರಿಯ. ಇಲ್ಲದ ದೊಡ್ಡಪ್ಪನ ಮನೆಯಲ್ಲಿ ಒಂದು ಕ್ಷಣದಲ್ಲಿ ಹುಟ್ಟಿಬಿಟ್ಟಳು ಶೈಲಶ್ರೀ, ಬೇರೆ ಊರಿನಲ್ಲಿ, ಬೇರೆ ತಾಯಿಗೆ, ಬಂದು ಹೋದಳು ಕೂಡ. ಪಾಪ, ಯಾರೋ ಅಂದರು. ಹುಡುಗ ಎರಡು ಸಲ ತಟ್ಟಿದ, ಅವನ ಸಂಗೀತದ ಸರ್ ಹೇಳಿಕೊಟ್ಟಿರಬೇಕು, ಆದರೆ ತಟ್ಟಬಾರದ ಕಡೆ ತಟ್ಟಿದ, ಮೈಕ್ ಆನ್ ಆಗಿದೆ ಅಂತ ಮಷಿನ್ನು ಹೇಳಿತು, ಹೇಳಿದ್ದೇ ತಡ ಪಡಸಾಲೆಯ ನಡುವೆ ಕಾಸಿಂಸಾಬ ಬಂದು ನಿಂತ, ಅಗದೀ ಜೋರು ದನಿಯಲ್ಲಿ, ಶೈಲಾ, ಬಂದಿ ಏನವಾ, ಏನಾತು, ಯಾಕ ಸುಮ್ನಾದಿ. ಆಕಿ ಇಲ್ರಿ, ಹುಡುಗ ಮೊಬೈಲಿಗೆ ಹೇಳಿದ, ಮರ್ಯಾದೆಯಿಂದಲೇ, ಮೊಬೈಲ್ ಇಲ್ಲೇ ಬಿಟ್ಟು ತಮ್ಮ ಊರಿಗೆ ಹೋಗ್ಯಾರಂತ. ಆ ಕಡೆ ಸೈಕಲ್ ಅಂಗಡಿಯ ಗಾಳಿ ಪಂಪು ಎರಡು ಸಲ ಉಸ್ ಅಂದಿತು. ಯಾರ್ರಿ ತಾವು, ಕಾಸಿಂಸಾಬ ಕೇಳಿದ, ಈಗ ದನಿ ಬೇರೆ. ನಾ ಮನಗೂಳ್ಯಾಂವ್ರಿ, ಕನ್ಯಾ ನೋಡಾಕ ಬಂದೇನಿ. ಹೌದೇನ್ರಿ, ಚಲೋ ಆತು, ದೇವರು ಚಲೋ ಮಾಡ್ಲಿ, ಕಾಸಿಂಸಾಬ ಅಂದ, ಆದ್ರ ಮಾಸ್ತರ, ಮೊಬೈಲ್ ಬಿಟ್ಟು ಆಕಿ ಎಲ್ಲಿಗೂ ಹೋಗೂದಿಲ್ರಿ.

ಪಡಸಾಲೆಯಲ್ಲಿ ತಟ್ಟೆ ಸದ್ದು ಮಾಡಲಿಲ್ಲ. ಲೋಡಿಗೆ ಆನಿದ ಮನುಷ್ಯ ಹಾ ಅನ್ನಲಿಲ್ಲ. ಎಲ್ಲರೂ ಈ ಬಾಗಿಲನ್ನೇ ನೋಡುತ್ತಿದ್ದಾರೆ, ನೋಟ ಅವಳಿಗೆ ಗೊತ್ತಾಗುತ್ತದೆ, ಮೈಮೇಲೆ ಬಿಸಿಲು ಬಿದ್ದದ್ದು ಗೊತ್ತಾಗುವ ಹಾಗೆ, ಹಲಗೆಯ ಈಚೆಯಿಂದಲೂ. ಈಗ ತಳ್ಳಬೇಕು. ಒಂದು ತಳ್ಳು, ಕೊಂಡಿ ಕಿರ್ರ್ ಅಂದೀತು, ನಾನ್ರಿ, ಹಿರಿ ಮಗಳು, ಅಷ್ಟೇ ಮಾತು, ಕಟ್ಟಿಯವರೂ ಕೇಳುತ್ತಿದ್ದಾರೆ, ಮೈಕು ತೆರೆದೇ ಇದೆ, ಸಾಕ್ಷಿಗೆ ಅಕ್ಷರವಾಗಿ ಕಾಣುತ್ತದೆ, ಪ್ರೇಮಕುಮಾರ ತೊಲೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದಾನೆ, ಅವನು ನಾ ಹೇಳಿರ್ಲಿಲ್ಲೇನು ಅನ್ನಲಿಲ್ಲ, ಅವನ ಉಸಿರು ಅಷ್ಟೇ ಮೊಬೈಲಿನಿಂದ ಬರುತ್ತಿದೆ. ಯಾರಾದರೂ ಕೇಳಲಿ. ಹುಡುಗ ಕೇಳಲಿ, ಒಳಗ ಅದಾರೇನು ಅಂತ ಒಂದು ಸಲ, ಅವನು ಒಳ್ಳೆಯವನು, ಕೇಳುತ್ತಾನೆ. ಚಹಾ ಆರಾಕತ್ತೈತಿ, ಸೋದರತ್ತಿ ಅಂದಳು, ಕುಡೀರಿ ಎಲ್ಲಾರೂ. ಮತ್ತೆ ಅಗಿಯಲು ಶುರು ಮಾಡಿದಳು. ಆ ಡಬ್ಬಿ ಲೋಡಿನ ಕೆಳಗ ಇಡೋ ಸಂಜು, ಯಾರದೋ ಏನೋ, ಬಂದು ಒಯ್ತಾರ. ಹುಡುಗ ಇಟ್ಟ. ಅವನೂ ಇಟ್ಟ. ಕಾಸಿಂಸಾಬನ ದನಿ ಹತ್ತಿಯೊಳಗೆ ಹೋಯಿತು, ಏನೋ ಅನ್ನುತ್ತಿದ್ದಾನೆ ಅಂತ ಅಷ್ಟೇ ತಿಳಿಯುತ್ತದೆ, ಏನಂತ ತಿಳಿಯುವುದಿಲ್ಲ. ಚಹದ ಕಪ್ಪು-ಬಸಿಗಳ ಸಪ್ಪಳ. ಸುರ್ ಅಂತ ಕುಡಿದರು. ಮುಂದಿನ ವಾರ ನೀವೂ ಮನಗೂಳಿಗೆ ಬರ್ರಿ, ಮನಿತನ ನೋಡ್ರಿ, ಹುಡುಗನ ಅಪ್ಪ, ಬರತೇವ್ರಿ ಬರತೇವ್ರಿ, ಅಪ್ಪ, ಆ ಬರತೇವ್ರಿಯಲ್ಲಿ ಖುಷಿಯಿತ್ತು. ಒಪ್ಪಿದರು ಹಾಗಾದರೆ. ಗೊತ್ತಾಗಿಯೂ ಒಪ್ಪಿದರು, ಅಥವಾ ಬರುವ ಮೊದಲೇ ಗೊತ್ತಿತ್ತು, ನಮ್ಮ ಕನ್ನೊಳ್ಳಿಯಿಂದ ಮನಗೂಳಿ ಏನು ಸಮುದ್ರದ ಆಚೆ ಇದೆಯೇ, ಗೊತ್ತಿದ್ದೇ ಕೇಳಿದರು, ಎಷ್ಟು ಮಂದಿ ಮಕ್ಕಳು ಅಂತ, ಇವರು ಯಾವ ಲೆಕ್ಕ ಹೇಳುತ್ತಾರೋ ಆ ಲೆಕ್ಕಕ್ಕೆ ತಾವೂ ಹೂಂ ಅನ್ನೋಣ ಅಂತ. ಈಗ ಬಾಗಿಲು ತಳ್ಳಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಅದು ತಿಳಿದದ್ದೇ ಅಂಗೈ ಹಲಗೆಯ ಮೇಲೆ ಇದ್ದಲ್ಲೇ ಸತ್ತಿತು. ಕಳ್ಳತನದಿಂದ ಮುಚ್ಚಿಟ್ಟವಳು ಹೊರಗೆ ಬರಬಹುದು, ಎಲ್ಲರೂ ಕೂಡಿ ಒಪ್ಪಿಕೊಂಡು ಇಲ್ಲ ಮಾಡಿದವಳು ಎಲ್ಲಿಂದ ಎಲ್ಲಿಗೆ ಬರುವುದು.

ವಿದ್ಯಾ ನಗುತ್ತಿದ್ದಾಳೆ ಪಡಸಾಲೆಯಲ್ಲಿ, ಅಲ್ಲ, ಅಳುತ್ತಿದ್ದಾಳೆ, ಇವಳು ಮೂಗು ಎಳೆಯುವುದು ಎರಡಕ್ಕೂ ಒಂದೇ, ಕಣ್ಣು ಒರೆಸಿಕೋ ಯವ್ವಾ, ಎಲ್ಲಾ ಹುಡಿಗೇರೂ ಅಳತಾರ, ಸೋದರತ್ತಿ. ತಂಗಿಯ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕುತ್ತಾಳೆ ಶೈಲಶ್ರೀ, ಸಿಟ್ಟು ಸಿಗುವುದಿಲ್ಲ, ಸಿಗುವುದು ಕೈ, ತಣ್ಣಗಿನ ಕೈ, ಕಿರುಬೆರಳು, ಉಗುರಿನ ಕೆಳಗೆ ಉಗುರು, ಅದರ ಬಾಜೂಕಿನದು, ಅದೂ ಬಿಚ್ಚಿತು. ಹೊರಗೆ ಬೂಟು ಹಾಕುತ್ತಿದ್ದಾರೆ, ಗೋಡೆಗೆ ಕೈ, ಅವ್ವ ಬರುತ್ತಾಳೆ ಈಗ, ಲೈಟು ಹಚ್ಚುತ್ತಾಳೆ, ಹಸಿವಾಗೇತೇನು ಅನ್ನುತ್ತಾಳೆ, ಉಂಡಿ ಕೊಡುತ್ತಾಳೆ, ಮೊಬೈಲು ತಂದು ಕೊಡುತ್ತಾರೆ, ಲೋಡಿನ ಕೆಳಗಿಂದ ತೆಗೆದು, ಕಟ್ಟಿಯವರಿಗೆ ಏನು ಹೇಳುವುದು, ಹೇಳಲಿಲ್ಲ ಅಂತ ಹೇಳುವುದು, ಅವಳು ಹೇಳಲಿಲ್ಲ, ಪ್ರೇಮಾ ನೀ ಅಂದದ್ದು ಖರೇ ಆತು ಅಂತ ಹೇಳುವುದು, ಅಷ್ಟು ಹೇಳಿದರೆ ಪೂರ್ತಿ ಆಯಿತೇ. ನಡುವಿನ ಬೆರಳು, ಅದು ಗಟ್ಟಿ ಹಿಡಿದಿತ್ತು, ಎರಡು ಬೆರಳು ಹಾಕಿ ಬಿಡಿಸಬೇಕಾಯಿತು ವಿದ್ಯಾಗೆ, ತೋರುಬೆರಳು, ಅದನ್ನು ಹಿಂದಕ್ಕೆ ಬಾಗಿಸಿದಳು, ನೋಯುವಷ್ಟು. ನಾಲ್ಕು ಬಿಡಿಸಿದ ಮೇಲೂ ಮೊಬೈಲು ಬಿದ್ದಿರಲಿಲ್ಲ, ಅಂಗೈಗೂ ಹೆಬ್ಬೆರಳಿಗೂ ನಡುವೆ ನಿಂತಿತ್ತು, ವಿದ್ಯಾ ಕೈ ತೆಗೆದುಕೊಂಡಿದ್ದಳು, ಹೌದು, ತೆಗೆದುಕೊಂಡಿದ್ದಳು, ಕಾದಳು, ಅವಳ ಉಸಿರು ಇವಳ ಹಣೆಗೆ ತಾಗುತ್ತಿತ್ತು, ಮುಟ್ಟಲಿಲ್ಲ, ಹೆಬ್ಬೆರಳನ್ನು ಅವಳು ಮುಟ್ಟಲೇ ಇಲ್ಲ, ಹೆಬ್ಬೆರಳು ತಾನಾಗಿ ಮೇಲೆದ್ದಿತು, ಶೈಲಶ್ರೀಯೇ ಎತ್ತಿದಳು, ಹೆಬ್ಬೆರಳು, ಎತ್ತಿದಳು —